ಮನಿ ನೋಡಾಕ ಬಂದವರು

ಮನೆಯ ಮಾತು ಮೊದಲು ಎತ್ತಿದವಳು ರಾಜೇಶ್ವರಿಯೇ. ಇದನ್ನು ಕರುಣಾ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ತಾನಾಗಿ ಕೇಳಿಕೊಂಡು ಹೋಗಿರಲಿಲ್ಲ.

ಇಬ್ಬರೂ ಹುಬ್ಬಳ್ಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕಿಯರು. ಕರುಣಾಳದು ಕೆಮಿಸ್ಟ್ರಿ, ರಾಜೇಶ್ವರಿಯದು ಅರ್ಥಶಾಸ್ತ್ರ. ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಸ್ಟಾಫ್‌ರೂಮಿನಲ್ಲಿ ಕಿಟಕಿ ಪಕ್ಕದ ಮೇಜು ಇಬ್ಬರಿಗೂ ಒಂದೇ. ಕರುಣಾಳ ಅತ್ತೆ ಸತ್ಯವ್ವ ಮಾಡಿ ಕಳಿಸುವ ಎಣಗಾಯಿಯನ್ನು ರಾಜೇಶ್ವರಿ ಡಬ್ಬಿಗೇ ರೊಟ್ಟಿ ಅದ್ದಿ ಉಣ್ಣುತ್ತಿದ್ದಳು. ರಾಜೇಶ್ವರಿ ಬಸಿರು ನಿಲ್ಲದೆ ಆಸ್ಪತ್ರೆ ಸೇರಿದಾಗ ಮಂಚದ ಪಕ್ಕ ಕೂತವಳು ಕರುಣಾ. ಕರುಣಾಳ ಮಾವ ನೀಲಪ್ಪ ಮಾಸ್ತರರು ತೀರಿಕೊಂಡಾಗ ಶಿರಗುಪ್ಪಿಯ ತನಕ ಬಂದು, ಊರ ಹೊರಗಿನ ಕೇರಿಯಲ್ಲಿದ್ದ ಅವರ ಸಣ್ಣ ಮನೆಯ ಅಂಗಳದಲ್ಲಿ ಹೊತ್ತು ಮುಳುಗುವವರೆಗೆ ಕೂತು ಹೋದವಳು ರಾಜೇಶ್ವರಿ. ಅವರು ಯಾವ ಮಂದಿ, ಎಲ್ಲಿಯವರು ಎಂಬುದರಲ್ಲಿ ಅವಳಿಗೆ ತಿಳಿಯದ್ದು ಏನೂ ಇರಲಿಲ್ಲ.

ಕರುಣಾಳ ಸಂಸಾರ ಆಗ ಬಾಡಿಗೆ ಮನೆಯಲ್ಲಿತ್ತು, ಎರಡನೆಯ ಮಹಡಿ. ಸತ್ಯವ್ವಳಿಗೆ ಮೊಣಕಾಲು ನೋವು. ಆಸ್ಪತ್ರೆಗೆ ಹೋಗುವುದಿದ್ದರೆ ಮಾತ್ರ ಕೆಳಗಿಳಿಯುತ್ತಿದ್ದಳು, ಅದೂ ಮಗನ ಭುಜ ಹಿಡಿದು. ಇದು ಗೊತ್ತಿದ್ದೇ ರಾಜೇಶ್ವರಿ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದಳು:

"ಅಪ್ಪ ವಿದ್ಯಾನಗರದ ಮನಿ ಮಾರಾಕತ್ತಾನ. ನಮ್ಮ ತಮ್ಮ ಗುರುಬಸವ ಹೊಸಾ ಮನಿ ಕಟ್ಟಿಸ್ಯಾನಲ್ಲ, ಎಲ್ಲಾರೂ ಅಲ್ಲೇ ಇರೂದಂತ. ಯಾರೋ ಗುರ್ತಿಲ್ಲದವರಿಗೆ ಕೊಡೂದಕ್ಕಿಂತ ನೀ ಯಾಕ ತಗೋಬಾರ್ದು? ಮಾಡಿ ಹತ್ತೂದಿಲ್ಲ, ಇಳಿಯೂದಿಲ್ಲ. ನಿಮ್ಮ ಅತ್ತಿ ಬಾಗಲ ಮುಂದ ಖುರ್ಚಿ ಹಾಕ್ಕೊಂಡು ಕುಂದ್ರತಾರ."

ಕರುಣಾ ಆ ಸಂಜೆ ಮನೆಗೆ ಬಂದವಳೇ ಕೈಕಾಲು ತೊಳೆಯುವ ಮೊದಲು ಗಂಡನಿಗೆ ಹೇಳಿದಳು. ರಾಜೀವ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್. ಯಾರ ಮನೆಗೆ ಹೋದರೂ ಮೊದಲು ಛತ್ತು ನೋಡುವ ಚಟ ಅವನಿಗೆ. ಮದುವೆಗೆ ಹೆಣ್ಣು ನೋಡಲು ಬಂದಾಗಲೂ ತನಗಿಂತ ಮೊದಲು ತಮ್ಮ ಮನೆಯ ತೊಲೆ ನೋಡಿದ್ದ ಎಂದು ಕರುಣಾ ಎಲ್ಲರೆದುರು ಆಡಿಕೊಳ್ಳುತ್ತಿದ್ದಳು.

ಭಾನುವಾರ ಇಬ್ಬರೂ ಹೋದರು. ರಾಜೇಶ್ವರಿಯ ತಂದೆ ಶಂಭುಲಿಂಗಪ್ಪನವರು ಹತ್ತಿ ವ್ಯಾಪಾರ ಮಾಡಿ ಉಂಡವರು. ದೊಡ್ಡ ದನಿ, ಬಿಳಿ ಅಂಗಿ, ಹಣೆಯ ಮೇಲೆ ಎದ್ದು ಕಾಣುವ ವಿಭೂತಿ. ಗೇಟಿನ ತನಕ ಬಂದು ಕರೆದುಕೊಂಡು ಹೋದರು.

"ಬರ್ರಿ ಬರ್ರಿ. ಇಂಜಿನಿಯರ ಸಾಹೇಬ್ರ ಬಂದಾರಂದ್ರ ಇವತ್ತ ನಮ್ಮ ಮನಿಗೇ ಪರೀಕ್ಷಾ!"

ಅವರ ಹೆಂಡತಿ ಚನ್ನಬಸವ್ವ ಚೂಡಾ, ಚಹಾ ತಂದಿಟ್ಟಳು. ರಾಜೀವ ಚಹಾ ಕುಡಿದು ಕೆಲಸಕ್ಕೆ ಹತ್ತಿದ. ಮೇಲೆ ಹೋಗಿ ಮಾಳಿಗೆಯ ನೀರು ಯಾವ ಕಡೆ ಹರಿಯುತ್ತದೆ ನೋಡಿದ. ನೀರಿನ ಟಾಕಿಯ ಮುಚ್ಚಳ ತೆಗೆದ. ಬಚ್ಚಲ ಗೋಡೆಗೆ ಅಂಗೈ ಒತ್ತಿ ತಂಪು ಎಷ್ಟಿದೆ ನೋಡಿದ. ಕೀಲಿಕೈಯಿಂದ ಅಲ್ಲಲ್ಲಿ ಗಿಲಾವು ಬಡಿದು ಕಿವಿಗೊಟ್ಟ.

"ಇಲ್ಲೆಲ್ಲಾ ಎರಿ ಮಣ್ಣಲ್ರಿ. ಪಾಯಾ ಎಷ್ಟು ಆಳ ತಗಸೀರಿ?"

"ನಮ್ಮಪ್ಪನ ಕಾಲದ್ದು ಸಾಹೇಬ್ರ. ಗಟ್ಟಿ ಹತ್ತೂತನಕಾ ಅಗಸ್ಯಾರ. ಆಗಿನ ಮಂದಿ ಈಗಿನವರಂಗ ಮೋಸ ಮಾಡ್ತಿದ್ದಿಲ್ಲ."

ಹಿಂದಿನ ಕೋಣೆಗೆ ಬಂದಾಗ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಮನೆಯ ಉಳಿದ ಗೋಡೆಗಳೆಲ್ಲ ಮಾಸಿದ್ದವು; ಇದೊಂದು ಕೋಲಿ ಮಾತ್ರ ಮೊನ್ನೆ ಬಳಿದಂತೆ ಹೊಳೆಯುತ್ತಿತ್ತು. ಮೂಲೆಗೆ ಒಂದು ಕಬ್ಬಿಣದ ಕಪಾಟು ಗೋಡೆಗೆ ಅಂಟಿಸಿಟ್ಟಂತೆ ನಿಂತಿತ್ತು.

"ಇದೊಂದ ಕೋಲಿಗೆ ಬಣ್ಣಾ ಹೊಡಸೀರಿ?" ಎಂದ ರಾಜೀವ.

ಶಂಭುಲಿಂಗಪ್ಪನವರು ಬಾಯಿ ತೆರೆಯುವಷ್ಟರಲ್ಲಿ ರಾಜೇಶ್ವರಿ ಉತ್ತರ ಕೊಟ್ಟಳು. "ಗುರುಬಸವನ ಹುಡುಗರು ಗ್ವಾಡಿ ತುಂಬ ಗೀಚಿ ಇಟ್ಟಿದ್ರು, ಅದಕ್ಕ."

ರಾಜೀವ ಕಪಾಟಿನ ಪಕ್ಕದ ಗೋಡೆಯನ್ನು ಕೀಲಿಕೈಯಿಂದ ಒಮ್ಮೆ ಬಡಿದ. ಒಳಗೆ ಪೊಳ್ಳು ಇದ್ದ ಸದ್ದು. ಇನ್ನೊಮ್ಮೆ ಬಡಿಯಲಿಲ್ಲ.

ಬೈಕಿನಲ್ಲಿ ಮರಳುವಾಗ ಕರುಣಾ ಹಿಂದಿನಿಂದ ಅವನ ಹೆಗಲ ಮೇಲೆ ಗದ್ದವಿಟ್ಟು ಕೇಳಿದಳು, "ಹೆಂಗೈತಿ?"

"ಮನಿ ಛಲೋನ ಐತಿ. ಹಿಂದಿನ ಕೋಲಿ ಗ್ವಾಡಿ ಬಿರಕ ಬಿಟ್ಟೈತಿ, ತುಂಬಿ ಬಣ್ಣಾ ಹೊಡದಾರ. ಎರಿ ಭೂಮ್ಯಾಗ ಕಟ್ಟಿದ ಮನಿಗೆ ಅದು ಹೊಸಾದಲ್ಲ. ಬ್ಯಾಸಗ್ಯಾಗ ಮಣ್ಣು ಒಣಗಿ ಕುಗ್ಗತೈತಿ, ಮಳಿಗಾಲಕ್ಕ ಉಬ್ಬತೈತಿ. ಪಾಯಾಕ್ಕ ಹೊರಗಿಂದ ಬಲಾ ಕೊಟ್ರ ನಿಲ್ಲತೈತಿ, ನನಗೇನ ಅದು ದೊಡ್ಡ ಕೆಲಸಲ್ಲ. ಆದ್ರ ನಿನ್ನ ಗೆಳತಿ ಹೇಳಬೇಕಾಗಿತ್ತು."

"ಆಕಿಗೆ ಗೊತ್ತಿರಲಿಕ್ಕಿಲ್ಲ."

ರಾಜೀವ ಗೇರು ಬದಲಿಸಿದ.

ಮುಂದಿನ ದಿನಗಳಲ್ಲಿ ಮನೆಯ ಉತಾರ ನೋಡಿದ್ದಾಯಿತು, ವಕೀಲರಿಂದ ಕಾಗದಪತ್ರ ಓದಿಸಿದ್ದಾಯಿತು. ಎಲ್ಲ ಸರಿಯಿತ್ತು. ಮುಂಗಡ ಹಣ, ಸಂಚಕಾರ, ಕೊಡುವುದೊಂದೇ ಬಾಕಿ. ಅದಕ್ಕೆ ದಿನ ನೋಡಿ ಗೊತ್ತು ಮಾಡಿದವರು ಶಂಭುಲಿಂಗಪ್ಪನವರೇ. ಅಂದು ಸತ್ಯವ್ವಳೂ ಬಂದಳು. ಇಳಕಲ್ ಸೀರೆ ಉಟ್ಟು, ಗೇಟಿನಿಂದ ಒಳಗಿನ ತನಕ ಯಾರ ಆಸರೆಯೂ ಇಲ್ಲದೆ ನಡೆದಳು. ಚನ್ನಬಸವ್ವ ಅವಳ ಕೈ ಹಿಡಿದು ಅಡಿಗೆಮನೆ, ಹಿತ್ತಲು, ನಳ ಎಲ್ಲ ತೋರಿಸಿದಳು. ಇಬ್ಬರಿಗೂ ಮೊಣಕಾಲಿನದೇ ಕತೆ. ಯಾವ ಎಣ್ಣೆ ತಿಕ್ಕಿದರೆ ನಿದ್ದೆ ಹತ್ತುತ್ತದೆ ಎಂಬ ಮಾತು ಹೊರಗಿನವರೆಗೂ ಕೇಳುತ್ತಿತ್ತು.

ಹೊರಗೆ ಪಡಸಾಲೆಯಲ್ಲಿ ಸಂಚಕಾರದ ಲಕೋಟೆ ಟೀಪಾಯಿಯ ಮೇಲಿತ್ತು. ಎಲೆ ಅಡಿಕೆಯ ತಾಟೂ ಬಂದಿತ್ತು. ಶಂಭುಲಿಂಗಪ್ಪನವರು ಖುಷಿಯಲ್ಲಿದ್ದರು.

"ನಿಮ್ಮ ಅಡ್ಡಹೆಸರು ಶಿರಗುಪ್ಪಿ ಅಂದ್ಲು ನಮ್ಮ ರಾಜಿ. ಶಿರಗುಪ್ಪ್ಯಾಗ ನನಗ ಗೊತ್ತಿಲ್ಲದ ಮನೀನ ಇಲ್ಲ ನೋಡ್ರಿ. ಹತ್ತಿ ತುಂಬಾಕ ಹೋಗಿ ಹೋಗಿ ಚಪ್ಪಲಿ ಸವದಾವು. ಯಾರ ಪೈಕಿ ನೀವು? ಪಾಟೀಲ್ರ ಓಣ್ಯಾಗಿನವ್ರೋ, ಗುಡಿ ಕಡೆಯವ್ರೋ?"

ರಾಜೇಶ್ವರಿ ತಟ್ಟನೆ ಎದ್ದಳು. "ಅಪ್ಪಾ, ಚಹಾ ಮಾಡಸ್ಲೇನು?"

"ಮಾಡಸು ಮಾಡಸು," ಎಂದು ಶಂಭುಲಿಂಗಪ್ಪನವರು ರಾಜೀವನ ಕಡೆಯೇ ನೋಡುತ್ತಿದ್ದರು.

"ಓಣ್ಯಾಗಲ್ರಿ," ಎಂದ ರಾಜೀವ. "ಊರ ಹೊರಗ ಕೇರ್ಯಾಗ ನಮ್ಮ ಮನಿ. ನೀಲಪ್ಪ ಮಾಸ್ತರ ಮಗ ನಾನು."

ಶಂಭುಲಿಂಗಪ್ಪನವರ ಮುಖ ಕೆಡಲಿಲ್ಲ. ಅದನ್ನೂ ಕರುಣಾ ಆಮೇಲೆ ನೆನಪಿಸಿಕೊಂಡಳು. "ನೀಲಪ್ಪ ಮಾಸ್ತರು! ಭಾಳ ಛಲೋ ಮನಶ್ಯಾ. ಶಾಲಿ ಕೀಲಿ ತಾವ ತಗದು ತಾವ ಕಸಾ ಹೊಡೀತಿದ್ರು," ಎಂದರು. ಆದರೆ ಲಕೋಟೆಯ ಕಡೆ ಬಾಗಿದ್ದ ಮೈ ಹಿಂದಕ್ಕೆ ಸರಿದು ಕುರ್ಚಿಗೆ ಒರಗಿತು. ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರನ್ನು ಅವರು ಬಹಳ ಹೊತ್ತು ನೋಡಿದರು.

"ಇವತ್ತ ತಿಥಿ ಸರಿ ಇದ್ದಂಗಿಲ್ಲ. ನಾನ ಸರಿಯಾಗಿ ನೋಡಿಲ್ಲ ಅಂತ ಕಾಣ್ತೈತಿ. ಗುರುಬಸವನೂ ಊರಾಗಿಲ್ಲ. ಮುಂದಿನ ವಾರ ಮಾಡೂಣು. ಅವಸರೇನೈತಿ?"

ಚಹಾ ಬಂತು. ಸತ್ಯವ್ವ ಕುಡಿದಳು, ಲೋಟ ಕೆಳಗಿಟ್ಟಳು, ಚನ್ನಬಸವ್ವಳಿಗೆ "ಬರ್ತೇನ್ರಿ ಅಕ್ಕಾ" ಎಂದಳು. ಆಟೋದಲ್ಲಿ ಕೂತ ಮೇಲೆ ಸೊಸೆಯ ಕೈ ಮೇಲೆ ಕೈಯಿಟ್ಟಳು.

"ಮನಿ ಛಲೋ ಐತವಾ. ಆದ್ರ ನಮಗ ಸಿಗೂದಿಲ್ಲ."

"ಸುಮ್ನಿರ್ರಿ ಅತ್ತಿ," ಎಂದಳು ಕರುಣಾ. "ಅವರು ಅಂಥವರಲ್ಲ. ನಾ ಹತ್ತ ವರ್ಷದಿಂದ ನೋಡೇನಿ."

ಬುಧವಾರ ರಾಜೇಶ್ವರಿ ಅವಳನ್ನು ಕೆಮಿಸ್ಟ್ರಿ ಲ್ಯಾಬಿಗೆ ಕರೆದೊಯ್ದು ಬಾಗಿಲು ಮುಚ್ಚಿದಳು.

"ಕರುಣಾ, ನಿನ್ನ ಮುಂದ ಒಂದು ಖರೇ ಹೇಳಬೇಕು. ನನ್ನ ಮನಸ್ಸು ತಡೀವಲ್ದು. ಆ ಹಿಂದಿನ ಕೋಲಿ ಗ್ವಾಡಿ ಛಲೋ ಇಲ್ಲ. ಪ್ರತಿ ಬ್ಯಾಸಗಿಗೂ ಬಿರಕ ಬಿಡತೈತಿ. ಬೆರಳು ಹೊಕ್ಕೊತೈತಿ, ಅಷ್ಟು. ತುಂಬಿ ಬಣ್ಣಾ ಹಚ್ಚತೀವಿ, ಮತ್ತ ಬಿಡತೈತಿ. ಗೆಳತಿ ಆಗಿ ನಿನಗ ಹೆಂಗ ಮುಚ್ಚಿಡ್ಲಿ?"

ಕರುಣಾಳ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ರಾಜೀವ ಅಂದದ್ದು, ಅತ್ತೆ ಅಂದದ್ದು ಎಲ್ಲ ಸುಳ್ಳಾಯಿತು ಎಂದುಕೊಂಡಳು. ಸ್ವಂತ ಅಪ್ಪನ ಮನೆಯ ಹುಳುಕನ್ನು ಕೊಳ್ಳುವವರ ಮುಂದೆ ಯಾರು ಹೇಳುತ್ತಾರೆ? ರಾಜೇಶ್ವರಿಯ ಎರಡೂ ಕೈ ಹಿಡಿದು, "ನೀ ಹೇಳಿದ್ದು ಭಾಳ ದೊಡ್ಡ ಮಾತು" ಎಂದಳು.

ಮನೆಗೆ ಬಂದು ಇದನ್ನು ಹೆಮ್ಮೆಯಿಂದಲೇ ಹೇಳಿದಳು. ರಾಜೀವ ಶೂ ಬಿಚ್ಚುತ್ತಿದ್ದವನು ಹಾಗೇ ನಿಂತ.

"ಯಾವಾಗ ಹೇಳಿದ್ಲು?"

"ಇವತ್ತ."

"ಮೊದಲನೇ ದಿನ ನಾ ಕೇಳಿದಾಗ ಹುಡುಗರು ಗೀಚ್ಯಾರ ಅಂದಿದ್ಲು. ಈಗ ಬೆರಳು ಹೊಕ್ಕೊತೈತಿ ಅಂತಾಳ. ನಡುವ ಏನಾತು ಕರುಣಾ? ಗ್ವಾಡಿ ಏನ ಬದಲಾಗಿಲ್ಲ."

ಕರುಣಾ ಸಿಟ್ಟಿನಿಂದ ಒಳಗೆ ಹೋದಳು. ಪಲ್ಯಕ್ಕೆ ಹಾಕಿದ ಉಪ್ಪು ಹೆಚ್ಚಾಯಿತು. ಉಣ್ಣುವಾಗ ರಾಜೀವ ಮೆತ್ತಗೆ ಹೇಳಿದ, "ನಾ ತಪ್ಪ ತಿಳಕೊಂಡಿರಬಹುದು. ನಾಳೆ ಹೋಗಿ ಹೇಳು: ಬಿರಕ ನಮಗ ಮೊದಲ ಗೊತ್ತಿತ್ತು, ನಾವ ರಿಪೇರಿ ಮಾಡಸ್ಕೋತೀವಿ, ರೇಟು ಅಷ್ಟ ಇರ್ಲಿ, ಒಂದು ರೂಪಾಯಿ ಇಳಸೂದು ಬ್ಯಾಡ. ಆಮ್ಯಾಲ ಏನಂತಾಳ ನೋಡು."

ಕರುಣಾ ಮರುದಿನ ಹಾಗೇ ಹೇಳಿದಳು. ಮೇಜಿನ ಎದುರು ಕೂತಿದ್ದ ರಾಜೇಶ್ವರಿ ಉತ್ತರಪತ್ರಿಕೆ ತಿದ್ದುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹುಡುಕತೊಡಗಿದಳು. ಮುಚ್ಚಳ ಅವಳ ಕೈಯಲ್ಲೇ ಇತ್ತು.

"ಅದೊಂದ ಅಲ್ಲ," ಎಂದಳು. "ಮಾಳಿಗಿನೂ ಸೋರತೈತಿ."

"ಮಾಳಿಗಿ ರಾಜೀವ ನೋಡ್ಯಾರ. ಸೋರೂದಿಲ್ಲ. ಸೋರಿದ್ರೂ ನೋಡ್ಕೊಳ್ಳೂಣು."

"ನೀರು ಭಾಳ ತ್ರಾಸ ಐತಿ ಅಲ್ಲೆ. ಎಂಟೆಂಟ ದಿನಾ ನಳಾ ಬರೂದಿಲ್ಲ."

"ಇಡೀ ಹುಬ್ಬಳ್ಳಿಗೇ ಬರೂದಿಲ್ಲ."

"ಹಿತ್ತಲದಾಗ ಹಾವು ಬರತಾವು."

ಕರುಣಾ ಅವಳ ಮುಖ ನೋಡಿದಳು. ಹತ್ತು ವರ್ಷ ನೋಡಿದ ಮುಖ. ಕೆಳತುಟಿ ಹಲ್ಲಿಗೆ ಸಿಕ್ಕಿತ್ತು. ಸುಳ್ಳು ಹೇಳಿ ಪ್ರಿನ್ಸಿಪಾಲರಿಂದ ರಜೆ ಕೇಳುವಾಗ ಹೀಗೇ ಇರುತ್ತಿತ್ತು.

"ಇರ್ಲಿ ರಾಜೇಶ್ವರಿ. ಬಿರಕಿರ್ಲಿ, ಸೋರ್ಲಿ, ಹಾವಿರ್ಲಿ. ನಾವು ತಗೋತೀವಿ. ಸಂಚಕಾರ ಯಾವತ್ತ ತರೂಣು ಹೇಳು."

ಪಕ್ಕದ ಮೇಜಿನ ಹಿಂದಿ ಮೇಡಂ ತಲೆಯೆತ್ತಿ ನೋಡಿದರು. ರಾಜೇಶ್ವರಿ ದನಿ ತಗ್ಗಿಸಿದಳು.

"ನೀ ಹಿಂಗ ಹಟಾ ಹಿಡದ್ರ ನಾ ಏನ ಮಾಡ್ಲಿ? ಅಪ್ಪಂದು ಏನೂ ಇಲ್ಲ, ಖರೇ ಹೇಳ್ತೇನಿ. ಆದ್ರ ಆ ಓಣ್ಯಾಗ ಎಲ್ಲಾ ನಮ್ಮವರ. ಮಗ್ಗಲ ಮನಿ ಕಾಕಾ ಬಂದು ಕುಂತಬಿಟ್ರು, ಹಿಂಗಾದ್ರ ನಾವೂ ಮಾರಿ ಹೋಗ್ತೀವಿ ಅಂತ. ಅವ್ವ ದೇವರ ಮನ್ಯಾಗ ಕುಂತು ಅಳಾಕತ್ತಾಳ, ಅಷ್ಟು ವರ್ಷ ಪೂಜಿ ಮಾಡಿದ ಜಾಗಾ ಅಂತ."

"ನಿನಗ ಮೊದಲ ಗೊತ್ತಿತ್ತು, ಹೌದಲ್ಲ? ನಾವು ಯಾರಂತ."

"ಗೊತ್ತಿತ್ತು. ಅಪ್ಪ ಕೇಳೂದಿಲ್ಲ ಅನ್ಕೊಂಡಿದ್ದೆ. ನಿಮ್ಮವರ ಅಡ್ಡಹೆಸರು ಹಂಗೈತಲ್ಲ, ಯಾರಿಗೂ ಗೊತ್ತಾಗೂದಿಲ್ಲ. ರಾಜೀವ ಹೇಳೂ ಜರೂರಿ ಏನಿತ್ತು? ಒಂದು ಓಣಿ ಹೆಸರು ಹೇಳಿದ್ರ ಮುಗೀತಿತ್ತು. ಖರೀದಿ ಆದ ಮ್ಯಾಲ ಯಾರ ಏನ ಮಾಡತಿದ್ರು?"

ಕರುಣಾ ಕೇಳಿದ ಮುಂದಿನ ಮಾತು ಅವಳಿಗೇ ಅನಿರೀಕ್ಷಿತವಾಗಿತ್ತು.

"ಮೊದಲನೇ ದಿನ ಬಿರಕ ಯಾಕ ಮುಚ್ಚಿಟ್ಟಿ?"

"ಅಂದ್ರ?"

"ನಾವು ತಗೋಳೂದು ನಿನಗ ಬೇಕಾಗಿದ್ದಾಗ ಆ ಗ್ವಾಡಿಗೆ ಬಣ್ಣಾ ಇತ್ತು. ಬ್ಯಾಡಾದಾಗ ಬಿರಕ ತೋರಿಸಿದಿ. ಒಂದಾದ್ರೂ ನನ್ನ ಸಲವಾಗಿ ಮಾಡಿದ್ಯಾ? ನಿನ್ನೆ ಲ್ಯಾಬಿನ್ಯಾಗ ನಿನ್ನ ಕೈ ಹಿಡಕೊಂಡು ಅತ್ತೆ ನಾನು."

ರಾಜೇಶ್ವರಿ ಅಳತೊಡಗಿದಳು. ಹಿಂದಿ ಮೇಡಂ ಎದ್ದು ಬಂದು ಅವಳ ಬೆನ್ನು ಸವರಿದರು, ಕರುಣಾಳ ಕಡೆ ನೋಡಿ "ಏನಾತ್ರಿ? ಯಾಕ ಅಳಸ್ತೀರಿ?" ಎಂದರು. ಕರುಣಾ ತನ್ನ ಪುಸ್ತಕ, ಡಬ್ಬಿ, ನೀರಿನ ಬಾಟಲಿ ಎತ್ತಿಕೊಂಡು ಲ್ಯಾಬಿಗೆ ಹೋದಳು. ಆ ಮೇಜಿಗೆ ಮತ್ತೆ ಬರಲಿಲ್ಲ.

ಮನೆ ಎರಡು ತಿಂಗಳಲ್ಲಿ ಮಾರಾಟವಾಯಿತು. ಕೊಂಡವರು ಯಾರೋ ಬ್ಯಾಂಕಿನವರು, ಹೊಸದಾಗಿ ಮದುವೆಯಾದವರು ಎಂದು ಕಾಲೇಜಿನಲ್ಲಿ ಮಾತು ಬಂತು. ರಾಜೀವ ಒಂದು ದಿನ ಕೇಳಿದ, "ಅವರಿಗೆ ಬಿರಕ ಹೇಳ್ಯಾರೋ ಇಲ್ಲೋ? ಒಂದ ಮಾತು ನಾವ ತಿಳಸೂಣೇನು?"

"ನಮಗ್ಯಾಕ?" ಎಂದಳು ಕರುಣಾ. "ಅವರು ಅವರು ನೋಡ್ಕೋತಾರ." ಹಾಗೆ ಹೇಳಿದಾಗ ಅವಳಿಗೆ ಸ್ವಲ್ಪ ಹಿತವೆನ್ನಿಸಿತು. ಅದಕ್ಕಾಗಿ ರಾತ್ರಿ ತನ್ನ ಮೇಲೆ ತನಗೇ ಬೇಸರವೂ ಆಯಿತು. ಆದರೂ ಹೋಗಿ ಹೇಳಲಿಲ್ಲ.

ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಏಪ್ರಿಲ್ಲಿನ ಉರಿಬಿಸಿಲಿನಲ್ಲಿ ಒಂದು ಶನಿವಾರ ಮಧ್ಯಾಹ್ನ ತೆಳ್ಳಗಿನ ಯುವಕನೊಬ್ಬ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದ. ಬೆವರು ಒರೆಸಿಕೊಳ್ಳುತ್ತ ಹೇಳಿದ:

"ನಾನು ವಿಜಯೀಂದ್ರ ಅಂತ. ವಿದ್ಯಾನಗರದಾಗ ಶಂಭುಲಿಂಗಪ್ಪನವರ ಮನಿ ತಗೊಂಡಾವ."

ಒಳಗೆ ಕರೆದು ನೀರು ಕೊಟ್ಟರು. ಅವನು ಮೊಬೈಲಿನಲ್ಲಿ ಫೋಟೋ ತೋರಿಸಿದ. ಹಿಂದಿನ ಕೋಲಿಯ ಗೋಡೆ ಮೂಲೆಯಿಂದ ಕಿಟಕಿಯ ತನಕ ಓರೆಯಾಗಿ ಸೀಳಿತ್ತು. ಗಿಲಾವಿನ ಚೂರುಗಳು ನೆಲದ ಮೇಲೆ ಬಿದ್ದಿದ್ದವು.

"ಹೆಂಡ್ತಿ ಬಾಣಂತಿ ಇದ್ದಾಳ. ಕೂಸಿನ ತೊಟ್ಲಾ ಆ ಕೋಣ್ಯಾಗನ ಇತ್ತು. ಒಂದಿನ ಬೆಳಿಗ್ಗೆ ನೋಡಿದ್ರ ಹಾಸಿಗಿ ಮ್ಯಾಲೆ ಗಾರೀ ಪುಡಿ. ಅವರನ್ನ ಕೇಳಿದ್ರ, ನಾವಿದ್ದಾಗ ಹಿಂಗ ಎಂದೂ ಆಗಿದ್ದಿಲ್ಲ, ನೀವ ಏನರೆ ಮಾಡೀರಿ ಅಂತಾರ. ಮಗ್ಗಲ ಮನಿಯವರು ಬಾಯಿ ತಪ್ಪಿ ಹೇಳಿದ್ರು, ನಿಮಗಿಂತ ಮೊದಲ ಒಬ್ಬರು ಇಂಜಿನಿಯರ್ ನೋಡಿ ಬಿಟ್ಟು ಹೋದ್ರು ಅಂತ. ಹೆಸರು ಹುಡುಕಿ ಬಂದೆ. ನಿಮಗ ಗೊತ್ತಾಗಿತ್ತು ಅಲ್ರಿ? ಅದಕ್ಕ ಬಿಟ್ರಿ ಅಲ್ಲ?"

"ನಾವು ಬಿಡಲಿಲ್ರಿ," ಎಂದ ರಾಜೀವ. "ಅವರ ಕೊಡಲಿಲ್ಲ."

"ಯಾಕ?"

ಕರುಣಾ ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಏನೂ ಬಿಡದೆ. ಹೇಳುತ್ತಿದ್ದಂತೆ ತನ್ನ ದನಿ ಪಾಠ ಹೇಳುವ ದನಿಯಂತೆ ಸಪಾಟಾಗಿರುವುದು ಅವಳಿಗೇ ಕೇಳಿಸುತ್ತಿತ್ತು. ವಿಜಯೀಂದ್ರ ತಲೆ ತಗ್ಗಿಸಿ ಕೇಳಿದ. ಕೊನೆಗೆ ಒಂದು ಸಣ್ಣ ನಗೆ ನಕ್ಕ.

"ಅಂದ್ರ ನಿಮಗ ಖರೇ ಹೇಳ್ಯಾರ. ನಮ್ಮನ್ನ ತಮ್ಮವರಂಗ ಕರದು ಕೂಡಿಸಿ ಸುಳ್ಳ ಹೇಳ್ಯಾರ." ಲೋಟ ಕೆಳಗಿಟ್ಟು ಅಂದ, "ಒಂದು ಲೆಕ್ಕಕ್ಕ ನೀವ ಪುಣ್ಯವಂತರು ನೋಡ್ರಿ. ಉಳಕೊಂಡ್ರಿ."

ಕೋಣೆಯೊಳಗೆ ಮಲಗಿದ್ದ ಸತ್ಯವ್ವ ಗೋಡೆ ಹಿಡಿದು ಹೊರಗೆ ಬಂದಳು.

"ಏನಂದಿ ತಮ್ಮಾ?"

"ತಪ್ಪ ತಿಳ್ಕೋಬ್ಯಾಡ್ರಿ ಅಜ್ಜಿ, ನಾ ಹಂಗಲ್ಲ..." ಎಂದು ಅವನು ಎದ್ದು ನಿಂತ.

"ಕುಂದ್ರು. ನೀ ಪುಣ್ಯವಂತ ಆಗಿ ಈ ಎರಡ ಮಾಳಿಗಿ ಹತ್ತಿ ಇಳದು ನೋಡು, ಆಮ್ಯಾಲ ಹೇಳು," ಎಂದವಳೇ ಸತ್ಯವ್ವ ಹೊರಳಿ ಒಳಗೆ ಹೋದಳು.

ವಿಜಯೀಂದ್ರ ಮತ್ತೆ ಕೂತ; ಕರುಣಾ ಚಹಾ ತಂದುಕೊಟ್ಟಳು. ಅವನು ಕೆಟ್ಟವನಲ್ಲ ಎಂದು ಕರುಣಾಳಿಗೆ ಕಾಣುತ್ತಿತ್ತು. ನಿದ್ದೆಗೆಟ್ಟ ಕಣ್ಣು. ಆಮೇಲೆ ತಾನು ಬಂದ ಕೆಲಸ ಹೇಳಿದ. ಅವನ ವಕೀಲರು ಒಂದು ಹೇಳಿಕೆ ಬೇಕು ಎಂದಿದ್ದರು. ಮಾರುವ ಮೊದಲೇ ಬಿರುಕು ಇತ್ತು, ಮಾರಿದವರಿಗೆ ಗೊತ್ತಿತ್ತು ಎಂದು ನೋಡಿದವರೊಬ್ಬರು ಬರೆದುಕೊಟ್ಟರೆ ಸಾಕು.

"ಬರದು ಕೊಡ್ತೇನಿ," ಎಂದ ರಾಜೀವ. "ಕೀಲಿಕೈಲೆ ಬಡದು ನೋಡೇನಿ ನಾನು."

"ಬಡದು ನೋಡಿದ್ದರಿಂದ ಅವರಿಗೆ ಗೊತ್ತಿತ್ತು ಅಂತ ಆಗೂದಿಲ್ಲ," ಎಂದಳು ಕರುಣಾ. "ಗೊತ್ತಿತ್ತು ಅಂತ ಹೇಳಿದ್ದು ಅವರ ಮಗಳು, ನನ್ನ ಮುಂದ. ಬರದ್ರ ನಾ ಬರೀಬೇಕು. ನಾ ಪೂರ್ತಿ ಬರೀತೇನಿ. ಅವರು ಬಿರಕಿನ ಮಾತು ಹೇಳಿದ್ದು ಯಾವತ್ತು, ಯಾಕ, ಎಲ್ಲಾ."

ವಿಜಯೀಂದ್ರನ ಮುಖ ಚಿಕ್ಕದಾಯಿತು. "ಬಿರಕಿಂದಷ್ಟ ಸಾಕಲ್ರಿ ಮೇಡಂ? ಜಾತಿ ಮಾತು ಯಾಕ ಅದರಾಗ?"

"ಯಾಕಂದ್ರ ಅದಿಲ್ಲಂದ್ರ ಅವರು ನನಗೂ ಹೇಳತಿದ್ದಿಲ್ಲ. ನಿಮಗ ಮುಚ್ಚಿಟ್ಟವರು ನಮಗ್ಯಾಕ ಹೇಳಿದ್ರು ಅಂತ ಅವರ ವಕೀಲ ಕೇಳಿದ್ರ ಏನಂತೀರಿ?"

"ಖರೇ ಅದ. ಆದ್ರ ನಾ ಆ ಓಣ್ಯಾಗ ಇರಾವ. ನಾಳೆ ಬೆಳಗಾದ್ರ ಅವರ ಮುಖಾ ನೋಡಬೇಕು. ಬಾಣಂತಿಗೆ ಬಿಸಿನೀರು ಕಾಸಿ ಕೊಡೂದೂ ಮಗ್ಗಲ ಮನಿಯವರನ. ಅದನ್ನ ಬರದ್ರ ಕೇಸ್ ಬ್ಯಾರೇನ ಆಗ್ತದ. ನಂದು ಬರೇ ಗ್ವಾಡಿದು."

ರಾಜೀವ ಹೆಂಡತಿಯ ಕಡೆ ನೋಡಿದ. ಕೂಸಿದ್ದ ಮನೆ, ಅರ್ಧ ಬರೆದರೇನಾಯಿತು ಎಂಬುದು ಆ ನೋಟದಲ್ಲಿತ್ತು. ಕರುಣಾ ತಲೆಯಾಡಿಸಲಿಲ್ಲ.

"ಕೂಸನ್ನ ಮುಂದಿನ ಕೋಲ್ಯಾಗ ಮಲಗಸ್ರಿ," ಎಂದಳು. "ಆ ಗ್ವಾಡಿ ಹೆಂಗ ಗಟ್ಟಿ ಮಾಡಸಬೇಕು ಅನ್ನೂದನ್ನ ಇವರು ಬಂದು ತೋರಸ್ತಾರ, ಅದಕ್ಕ ಏನೂ ಕೊಡೂದು ಬ್ಯಾಡ. ಆದ್ರ ಅರ್ಧಾ ಖರೇ ನಾ ಬರದು ಕೊಡೂದಿಲ್ಲ."

"ವಿಚಾರ ಮಾಡಿ ಹೇಳ್ತೇನ್ರಿ," ಎಂದು ವಿಜಯೀಂದ್ರ ಹೋದ. ಮರಳಿ ಬರಲಿಲ್ಲ. ರಾಜೀವನನ್ನು ಗೋಡೆ ನೋಡಲೂ ಕರೆಯಲಿಲ್ಲ.

ಏನಾಯಿತೆಂದು ತಿಳಿದದ್ದು ಜೂನ್‌ನಲ್ಲಿ, ಕಾಲೇಜು ಶುರುವಾದ ಮೇಲೆ. ರಾಜೇಶ್ವರಿ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ.

"ಆ ಹುಡುಗನ್ನ ನೀನ ಎಬ್ಬಿಸಿ ಕಳಿಸಿದಿ, ಹೌದಲ್ಲ? ಅಪ್ಪನ ಮುಂದ ಬಂದು, ಇಂಜಿನಿಯರ್ರ ಮನಿಯವರು ಎಲ್ಲಾ ಬರದು ಕೊಡಾಕ ತಯಾರ ಅದಾರ, ಜಾತಿ ಮಾತೂ ಬರೀತಾರ, ನಿಮ್ಮ ಮಾನಾ ಹೋಗತೈತಿ ಅಂತ ಹೆದರಿಸ್ಯಾನ. ಅಪ್ಪ ಎದಿ ಹಿಡಕೊಂಡು ಕುಂತಬಿಟ್ಟ. ಗುರುಬಸವ ರಿಪೇರಿ ಖರ್ಚು ಕೊಟ್ಟು ಮುಗಿಸ್ಯಾನ."

ಕರುಣಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬರೆಯುವುದು ಬೇಡ ಎಂದವನು, ಬರೆಯುತ್ತಾರೆ ಎಂದು ಹೆದರಿಸಿ ತನ್ನ ಕೆಲಸ ಮಾಡಿಕೊಂಡಿದ್ದ.

"ನಾ ಕಳಸಿಲ್ಲ," ಎಂದಳು.

"ಗೆಳತಿ ಅಂತ ನಂಬಿ ಮನಿ ಒಳಗಿನ ಮಾತು ನಿನಗ ಹೇಳಿದ್ದೆ. ಅದನ್ನ ಬೀದಿಗಿಟ್ಟಿ. ಮನಿ ಸಿಗಲಿಲ್ಲ ಅಂತ ಇಷ್ಟು ಹಗಿ ಸಾಧಿಸಬೇಕಾ ಕರುಣಾ?"

ಕರುಣಾ ಉತ್ತರ ಕೊಡಲಿಲ್ಲ. ಕೊಡಲು ಇತ್ತು. ಆದರೆ ಬಾಗಿಲಲ್ಲಿ ನಿಂತವಳು ತಾನು ಹೇಳಿದ್ದನ್ನು ಪೂರ್ತಿ ನಂಬಿದ್ದಳು. ಕಣ್ಣು ಕೆಂಪಾಗಿದ್ದವು, ಈ ಸಲ ಕೆಳತುಟಿ ಹಲ್ಲಿಗೆ ಸಿಕ್ಕಿರಲಿಲ್ಲ. ವಾರದೊಳಗೆ ಸ್ಟಾಫ್‌ರೂಮೂ ಅದನ್ನೇ ನಂಬಿತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಕರುಣಾ ಒಳಗೆ ಕಾಲಿಟ್ಟರೆ ಮಾತು ಹವಾಮಾನಕ್ಕೆ ಹೊರಳುತ್ತಿತ್ತು. ಆ ವರ್ಷ ಅವಳು ಧಾರವಾಡಕ್ಕೆ ವರ್ಗಾವಣೆ ಕೇಳಿದಳು, ಸಿಕ್ಕಿತು. ಯಾರೋ ಒಂದು ಶಾಲು ಹೊದೆಸಿ ಬೀಳ್ಕೊಟ್ಟರು. ರಾಜೇಶ್ವರಿ ಅಂದು ರಜೆಯಲ್ಲಿದ್ದಳು.

ಧಾರವಾಡದಲ್ಲಿ ಮತ್ತೆ ಮನೆ ಹುಡುಕತೊಡಗಿದರು. ಸಪ್ತಾಪುರದ ಕಡೆ ಒಂದು ಮನೆಯಿದೆ, ನಿವೃತ್ತ ನರ್ಸ್ ಒಬ್ಬರದು, ಹೆಸರು ಶಹಜಹಾನಬೇಗಂ ಎಂದು ಏಜೆಂಟ್ ಹೇಳಿದ. ಒಂದು ಭಾನುವಾರ ಇಬ್ಬರೂ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋದರು. ಸಣ್ಣ ಮನೆ, ಮುಂದೆ ಪೇರಲ ಗಿಡ. ದಪ್ಪ ಕನ್ನಡಕದ ಮುದುಕಿ ಗೇಟು ತೆಗೆಯಲು ಬಂದರು. ಕೊಂಡಿಯ ಮೇಲೆ ಅವರ ಕೈ ಇನ್ನೂ ಇರುವಾಗಲೇ ಕರುಣಾ ಹೇಳಿಬಿಟ್ಟಳು:

"ನೋಡ್ರಿ ಅಮ್ಮಾ, ಮೊದಲ ಹೇಳಿಬಿಡ್ತೇನಿ. ನಾವು ಎಸ್ಸಿ ಮಂದಿ. ಬೌದ್ಧರು. ನಿಮಗ, ನಿಮ್ಮ ಓಣಿಯವರಿಗೆ ಏನರ ತ್ರಾಸ ಇದ್ರ ಈಗ ಹೇಳ್ರಿ. ಒಳಗ ಬರೂದಿಲ್ಲ, ಹಂಗ ಹೋಗ್ತೀವಿ."

ಶಹಜಹಾನಬೇಗಂ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು.

"ನಾ ಕೇಳಿದೆನೇನವಾ?"

ರಾಜೀವ ಮುಖ ಬೇರೆ ಕಡೆ ತಿರುಗಿಸಿದ. ಮುದುಕಿ ಗೇಟು ತೆಗೆದರು. ಆದರೆ ಅವರ ಮುಖದಲ್ಲಿ, ಬಂದ ಮಂದಿ ತನ್ನನ್ನು ಏನೆಂದು ತಿಳಿದರು ಎಂಬ ನೋವು ಕೂತಿತ್ತು. ಮನೆ ತೋರಿಸುವಾಗ ಬೇಕಾದಷ್ಟೇ ಮಾತಾಡಿದರು. ರಾಜೀವ ಮಾಳಿಗೆ ನೋಡಿದ, ಗೋಡೆ ಬಡಿದ, ಪಾಯದ ಮಾತು ಕೇಳಿದ. ಕರುಣಾ ಯಾವ ಕೋಣೆಯನ್ನೂ ಸರಿಯಾಗಿ ನೋಡಲಿಲ್ಲ.

ಮರಳುವ ಬಸ್ಸು ನವಲೂರು ದಾಟಿತು. ಆಮೇಲೆ ರಾಜೀವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ:

"ನಮ್ಮಪ್ಪ ಮೂವತ್ತ ವರ್ಷ ಮಾಸ್ತರಕಿ ಮಾಡಿದಾ. ಯಾರ ಕೇಳಿದ್ರೂ ತಲಿ ಎತ್ತಿ ಹೇಳತಿದ್ದ. ಕೇಳೂದಕ್ಕಿಂತ ಮೊದಲ ಎಂದೂ ಹೇಳಿದಾವಲ್ಲ. ಆ ಮುದುಕಿ ಏನ ಮಾಡಿದ್ಲು ನಿನಗ?"

"ಏನೂ ಮಾಡಿಲ್ಲ."

"ಮತ್ತ?"

"ಮನಿ ಎಲ್ಲಾ ನೋಡಿ, ಇಲ್ಲಿ ಅತ್ತಿ ಖುರ್ಚಿ, ಇಲ್ಲಿ ನಮ್ಮ ಕಪಾಟು ಅಂತ ಮನಸ್ಸಿನ್ಯಾಗ ಇಟ್ಟು ಆದ ಮ್ಯಾಲ ಇಲ್ಲ ಅನಸ್ಕೊಳ್ಳಾಕ ನನಗ ಇನ್ನ ಆಗೂದಿಲ್ಲ," ಎಂದಳು ಕರುಣಾ. "ನಿನಗ ಆಗತೈತೇನು?"



ಆ ಮನೆಯನ್ನು ಅವರು ಕೊಂಡರು. ಶಹಜಹಾನಬೇಗಂ ಖರೀದಿ ಪತ್ರಕ್ಕೆ ಸಹಿ ಹಾಕಿ, ಕೀಲಿ ಕೊಟ್ಟು, ಮಗಳ ಊರಿಗೆ ಹೋದರು. ಹೋಗುವಾಗ ಸತ್ಯವ್ವಳ ಹತ್ತಿರ ಕೂತು ಮಾತಾಡಿದರು, ರಾಜೀವನಿಗೆ ಪೇರಲ ಗಿಡಕ್ಕೆ ಎಷ್ಟು ನೀರು ಹಾಕಬೇಕೆಂದು ಹೇಳಿದರು. ಕರುಣಾಳಿಗೆ ಮಾತ್ರ "ಬರ್ತೇನವಾ" ಎಂದಷ್ಟೇ ಅಂದರು. ಕ್ಷಮೆ ಕೇಳಬೇಕೆಂದು ಅಂದು ಬೆಳಗಿನಿಂದ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದ ಕರುಣಾ, ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ಗೇಟಿನಲ್ಲಿ ನಿಂತಿದ್ದು ಒಳಗೆ ಬಂದಳು.